ಚೀಟಿಯಲ್ಲಿ ಇಲ್ಲದ ಸಾಮಾನು
ಗೃಹಸ್ಥನ ಆದಾಯವು ವೃದ್ಧಿಸಿದಂತೆಲ್ಲ ಅವನ ವೆಚ್ಚದಲ್ಲಿ ಆಹಾರಕ್ಕೆ ಸಲ್ಲುವ ಪಾಲು ಕುಗ್ಗುತ್ತ ಹೋಗುವುದೆಂಬ ಸಂಗತಿಯನ್ನು ಜರ್ಮನಿಯ ಸಂಖ್ಯಾಶಾಸ್ತ್ರಜ್ಞನಾದ ಅರ್ನ್‌ಸ್ಟ್ ಎಂಗೆಲ್ 1857ರಲ್ಲಿಯೇ ಪ್ರತಿಪಾದಿಸಿದ್ದನು. ನಮ್ಮ ದೇಶದ ಗ್ರಾಮಗಳಲ್ಲಿಯೂ ನಡೆದಿರುವುದು ಅದೇ: 1999-2000ರಲ್ಲಿ ನೂರು ರೂಪಾಯಿ ವೆಚ್ಚದಲ್ಲಿ ಆಹಾರಕ್ಕೆ 59 ರೂಪಾಯಿಗಳು ಹೋಗುತ್ತಿದ್ದುವು; ಕೇಂದ್ರ ಸರ್ಕಾರದ 2022-23ರ ಸಮೀಕ್ಷೆಯಲ್ಲಿ ಅದು ಸುಮಾರು 46ಕ್ಕೆ ಇಳಿದಿತ್ತು. ಇದರೊಳಗಿನ ಸೋಜಿಗವು ಬೇರೆಯೇ ಇದೆ. ಧಾನ್ಯಗಳ ಪಾಲು 22ರಿಂದ 5ಕ್ಕೆ ಕುಸಿದು, ಪಾನೀಯ ಮತ್ತು ಸಿದ್ಧ ತಿಂಡಿಗಳ ಪಾಲು ಅದರ ಇಮ್ಮಡಿಯಷ್ಟಾಗಿದೆ. ನ್ಯಾಯಬೆಲೆ ಅಂಗಡಿಯ ಧಾನ್ಯವು ಇದಕ್ಕೆ ಒಂದು ಕಾರಣವೆಂಬುದು ದಿಟ. ಆದರೂ ನಾಲಗೆಯ ಚಾಪಲ್ಯವನ್ನು ಲೆಕ್ಕದಿಂದ ಹೊರಗಿಡುವುದು ಪ್ರಾಮಾಣಿಕತೆಯಾಗಲಾರದು.

ಇನ್ನು, ಅಂಗಡಿಯೊಳಗೆ ಕಾಲಿಟ್ಟ ಮೇಲೆ ನಿರ್ಧರಿಸುವವರು ನಾವೇ ಏನು? ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪರ್ ಎಂಬ ಮನಶ್ಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದ ಅಂಗಡಿಯೊಂದರಲ್ಲಿ ನಡೆಸಿ, 2000ದಲ್ಲಿ ಪ್ರಕಟಿಸಿದ ಪ್ರಯೋಗವು ಈ ವಿಷಯದಲ್ಲಿ ಸುಪ್ರಸಿದ್ಧವಾದುದು. 24 ಬಗೆಯ ಜಾಮುಗಳನ್ನು ಜೋಡಿಸಿಟ್ಟಾಗ ನಿಂತು ನೋಡಿದವರು ಹೆಚ್ಚು; ಆದರೆ ಹಾಗೆ ನಿಂತವರಲ್ಲಿ ಕೊಂಡವರು ನೂರಕ್ಕೆ ಮೂವರು. ಆರೇ ಬಗೆಯನ್ನಿಟ್ಟಾಗ ಕೊಂಡವರು ನೂರಕ್ಕೆ ಮೂವತ್ತು ಮಂದಿ! ಅನಂತರದ ಪರಿಶೋಧನೆಗಳೆಲ್ಲ ಇದೇ ಫಲವನ್ನು ಕೊಡಲಿಲ್ಲವಾದುದರಿಂದ ಇದನ್ನು ಪ್ರಕೃತಿನಿಯಮವೆಂದು ಬಗೆಯಬೇಕಾಗಿಲ್ಲ. ಆದರೆ ಸಾಮಾನನ್ನು ಜೋಡಿಸಿದ ಬಗೆಯೂ ನಮ್ಮ ಆಯ್ಕೆಯಲ್ಲಿ ಕೈಯಾಡಿಸಬಲ್ಲುದೆಂದು ಒಪ್ಪಲು ಅಡ್ಡಿಯಿಲ್ಲ.

ವಾಚಕರು ಮುಂದಿನ ತಿಂಗಳು ಮನೆಯಿಂದ ಒಯ್ದ ಸಾಮಾನಿನ ಚೀಟಿಯನ್ನು ಎಸೆಯದೆ, ಅಂಗಡಿಯ ಬಿಲ್ಲಿನ ಪಕ್ಕದಲ್ಲಿಟ್ಟು ಒಮ್ಮೆ ಓದಿ ನೋಡಲಿ.