ಹಾಜರಿ ಪುಸ್ತಕ ಹೇಳದ ಲೆಕ್ಕ

ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸ್ನಾತಕೋತ್ತರ ತರಗತಿಗಳಿಗೆ ಪಾಠ ಹೇಳಿದವನು ನಾನು. ನಿವೃತ್ತಿಯ ದಿನ ಕೊಠಡಿ ಖಾಲಿ ಮಾಡುವಾಗ ಬೀರುವಿನ ತಳದಲ್ಲಿ ಎರಡು ಹಾಜರಿ ಪುಸ್ತಕಗಳು ಸಿಕ್ಕವು. ಒಂದು ನಾನು ಕೆಲಸಕ್ಕೆ ಸೇರಿದ ವರ್ಷದ್ದು, ಇನ್ನೊಂದು ಕೊನೆಯ ವರ್ಷದ್ದು. ಮೊದಲನೆಯದರಲ್ಲಿ ಹೆಣ್ಣುಮಕ್ಕಳ ಹೆಸರು ಬೆರಳೆಣಿಕೆಯಷ್ಟು. ಉಳಿದವರಲ್ಲಿ ಹೆಚ್ಚಿನವರು ಓದುಬರಹ ತಲೆಮಾರುಗಳಿಂದ ಬಂದ ಮನೆಗಳವರು. ಎರಡನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು. ಬಹುತೇಕರು ತಮ್ಮ ಮನೆಯಿಂದ ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರು. ಒಬ್ಬ ಮೇಷ್ಟರ ಸೇವಾವಧಿಯಲ್ಲೇ ಒಂದು ಸಮಾಜ ಮಗ್ಗುಲು ಬದಲಿಸಿತ್ತು.

ಈ ಬದಲಾವಣೆ ತಾನಾಗಿ ಆದದ್ದಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ನಾಲ್ವಡಿ ಕೃಷ್ಣರಾಜ ಒಡೆಯರೇ ಎರಡು ವರ್ಷಗಳ ನಂತರ ಮಿಲ್ಲರ್ ಸಮಿತಿಯನ್ನು ನೇಮಿಸಿ, ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರ ಪಾಲೆಷ್ಟು ಎಂದು ಕೇಳಿದರು. ದೇವರಾಜ ಅರಸರ ಕಾಲದಲ್ಲಿ ರಚನೆಯಾದ ಹಾವನೂರು ಆಯೋಗ 1975ರಲ್ಲಿ ವರದಿ ನೀಡಿತು. ಕೇಂದ್ರದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಇತರೆ ಹಿಂದುಳಿದ ವರ್ಗಗಳಿಗೆ ಶೇ 27ರ ಮೀಸಲಾತಿ ನೀಡುವ ಕಾನೂನು 2006ರಲ್ಲಿ ಬಂದು, 2008ರಲ್ಲಿ ಸುಪ್ರೀಂ ಕೋರ್ಟ್‌ ಅದನ್ನು ಎತ್ತಿಹಿಡಿಯಿತು. ಬಾಗಿಲು ಹೀಗೆ ಒಂದೊಂದೇ ಹಲಗೆಯಾಗಿ ತೆರೆದುಕೊಂಡಿದೆ.

ಬಾಗಿಲು ಪೂರ್ತಿ ತೆರೆದಿದೆ ಎಂದು ಮಾತ್ರ ಯಾರೂ ಭಾವಿಸಬೇಕಾಗಿಲ್ಲ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಹೆಣ್ಣುಮಕ್ಕಳು. ಇದು ಸಂತಸದ ಸಂಗತಿ. ಆದರೆ ಒಟ್ಟು ದಾಖಲಾತಿ ಪ್ರಮಾಣ ಶೇ 28.4 ಇದ್ದಾಗ ಪರಿಶಿಷ್ಟ ಜಾತಿಯವರದು ಶೇ 25.9, ಪರಿಶಿಷ್ಟ ಪಂಗಡದವರದು ಶೇ 21.2. 2011ರ ಜನಗಣತಿಯಲ್ಲಿ ಶೇ 14.2ರಷ್ಟಿದ್ದ ಮುಸ್ಲಿಮರು ಉನ್ನತ ಶಿಕ್ಷಣದಲ್ಲಿ ಶೇ 5ನ್ನೂ ಮುಟ್ಟಿಲ್ಲ.

ಅಂಕಿ ಅಂಶಗಳಿಗೆ ಇಷ್ಟು ಹೇಳಲು ಬರುತ್ತದೆ. ಅವು ಹೇಳದ ಒಂದು ಲೆಕ್ಕ ನನ್ನ ಆ ಕೊನೆಯ ವರ್ಷದ ಪುಸ್ತಕದಲ್ಲಿದೆ.

ಸೋಲಿಗರ ಪೋಡಿನಿಂದ ಬಂದ ಒಬ್ಬ ವಿದ್ಯಾರ್ಥಿನಿ ಆ ತರಗತಿಯಲ್ಲಿದ್ದಳು. ಹಿಂದಿನ ಬೆಂಚು, ಮೆಲುದನಿ. ಮೊದಲ ಸೆಮಿಸ್ಟರ್‌ನ ನಡುವೆ ಅವಳ ಹೆಸರಿನ ಮುಂದೆ ಸಾಲಾಗಿ ಮೂರು ವಾರ ‘ಗೈರು’ ಎಂದು ಬರೆದೆ. ನಾಲ್ಕನೆಯ ವಾರ ಪಕ್ಕದಲ್ಲಿ ಕೂರುತ್ತಿದ್ದವಳನ್ನು ವಿಚಾರಿಸಿದಾಗ, ‘ಅವಳು ಊರಿಗೆ ಹೋಗ್ಬಿಟ್ಳು ಸಾರ್, ಮೆಸ್ ಬಿಲ್ ಕಟ್ಟೋಕ್ಕಾಗ್ಲಿಲ್ಲ’ ಎಂದಳು. ವಿದ್ಯಾರ್ಥಿವೇತನ ಮಂಜೂರಾಗಿತ್ತು, ಆದರೆ ಕೈಗೆ ಬಂದಿರಲಿಲ್ಲ. ಅದು ಖಾತೆಗೆ ಜಮಾ ಆಗುವ ಹೊತ್ತಿಗೆ ಪರೀಕ್ಷೆ ಮುಗಿದಿತ್ತು. ಹುಡುಗಿ ಮರಳಿ ಬರಲಿಲ್ಲ. ಪ್ರವೇಶದ ಅಂಕಿ ಅಂಶದಲ್ಲಿ ಮಾತ್ರ ಆ ವರ್ಷ ಅವಳು ನಮ್ಮ ವಿಭಾಗದ ಹೆಮ್ಮೆಯಾಗಿದ್ದಳು. ತಪ್ಪು ಕಚೇರಿಯದೆಂದು ಹೇಳಿ ನಾನು ಕೈತೊಳೆದುಕೊಳ್ಳಬಹುದಿತ್ತು. ಆದರೆ ಮೂರು ವಾರ ಅವಳ ಹೆಸರು ಕೂಗಿ, ಉತ್ತರ ಬಾರದಿದ್ದಾಗ ಮುಂದಿನ ಹೆಸರಿಗೆ ಹೋದವನು ನಾನೇ ಅಲ್ಲವೇ?

ವೈವಿಧ್ಯವನ್ನು ನಾವು ಪ್ರವೇಶದ ದಿನ ಎಣಿಸುತ್ತೇವೆ. ಪದವಿ ಪ್ರದಾನದ ದಿನ ಎಣಿಸುವುದಿಲ್ಲ. ನಡುವೆ ಕಳೆದುಹೋದವರು ಯಾರು, ಯಾವ ತಾಲ್ಲೂಕಿನವರು, ಯಾವ ಮಾಧ್ಯಮದಲ್ಲಿ ಓದಿ ಬಂದವರು ಎಂಬ ಲೆಕ್ಕವನ್ನು ಪ್ರತಿ ವಿಶ್ವವಿದ್ಯಾಲಯವೂ ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಇದಕ್ಕೆ ಹೊಸ ಸಮಿತಿ ಬೇಕಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 114 ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟಿದೆ. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಿಂದ ಬಂದವರಲ್ಲಿ ಎಷ್ಟು ಮಂದಿ ಓದು ಮುಗಿಸಿದರು ಎಂದು ಹೇಳಲು ಒಂದು ಗಣಕಯಂತ್ರ ಸಾಕು.

ಎರಡನೆಯ ಸಂಗತಿ ಇನ್ನೂ ಜಟಿಲವಾದದ್ದು. ಎಲ್ಲರೂ ಒಳಗೆ ಬಂದರು ಸರಿ, ಒಟ್ಟಿಗೆ ಕುಳಿತರೇ? ಕಳೆದ ಶತಮಾನದ ಆರಂಭದಲ್ಲಿ ಹುಟ್ಟಿಕೊಂಡ ಸಮುದಾಯವಾರು ವಿದ್ಯಾರ್ಥಿನಿಲಯಗಳು ಹಳ್ಳಿಯ ಬಡಮಕ್ಕಳಿಗೆ ನಗರದಲ್ಲಿ ಅನ್ನ, ಆಸರೆ ಕೊಟ್ಟವು. ಆ ಋಣ ದೊಡ್ಡದು. ಆದರೆ ಇಂದಿಗೂ ಸರ್ಕಾರಿ ಹಾಸ್ಟೆಲುಗಳು ಇಲಾಖೆವಾರಾಗಿ ಬೇರೆ ಬೇರೆ: ಪರಿಶಿಷ್ಟರದೊಂದು, ಹಿಂದುಳಿದವರದೊಂದು, ಅಲ್ಪಸಂಖ್ಯಾತರದೊಂದು. ಬೆಳಿಗ್ಗೆ ಒಂದೇ ತರಗತಿಯಲ್ಲಿ ಕೂತವರು ಮಧ್ಯಾಹ್ನ ಬೇರೆ ಬೇರೆ ಊಟದ ಮನೆಗಳಿಗೆ ಹೋಗುತ್ತಾರೆ. ಇತ್ತ ಅನುಕೂಲಸ್ಥರ ಮಕ್ಕಳು ಖಾಸಗಿ ವಿಶ್ವವಿದ್ಯಾಲಯಗಳ ಕಡೆ ಮುಖ ಮಾಡಿದ್ದಾರೆ. ಬಡವರು ಒಳಗೆ ಬಂದ ಹೊತ್ತಿಗೆ ಉಳ್ಳವರು ಹೊರಗೆ ನಡೆದರೆ, ಅದನ್ನು ಬೆರೆಯುವಿಕೆ ಎನ್ನಲಾದೀತೇ?

ವಿಶ್ವವಿದ್ಯಾಲಯವನ್ನು ಮನೆಬಾಗಿಲಿಗೆ ತರುವ ಪ್ರಯತ್ನಕ್ಕೂ ಎರಡು ಮುಖಗಳಿವೆ. ಬೀದರ್, ಕೊಪ್ಪಳ, ಹಾವೇರಿ, ಚಾಮರಾಜನಗರ ಮೊದಲಾದೆಡೆ ಕೆಲವು ವರ್ಷಗಳ ಹಿಂದೆ ಹೊಸ ವಿಶ್ವವಿದ್ಯಾಲಯಗಳು ಆರಂಭವಾದವು. ಸಾಕಷ್ಟು ಹಣವಾಗಲೀ ಬೋಧಕರಾಗಲೀ ಬರಲಿಲ್ಲ. 2025ರಲ್ಲಿ ಅವುಗಳಲ್ಲಿ ಹಲವನ್ನು ಮುಚ್ಚುವ ಮಾತೂ ಎದ್ದು, ವಿರೋಧ ವ್ಯಕ್ತವಾಯಿತು. ಜಿಲ್ಲೆಗೊಂದು ವಿಶ್ವವಿದ್ಯಾಲಯ ಬಂದರೆ ಬೀದರಿನವನಿಗೂ ಮಂಗಳೂರಿನವನಿಗೂ ಭೇಟಿಯೇ ಆಗುವುದಿಲ್ಲ ಎಂಬುದು ನಿಜ. ನನ್ನ ವಿದ್ಯಾರ್ಥಿದೆಸೆಯ ಕೊಠಡಿಯ ಗೆಳೆಯ ಬೀದರಿನವನು. ಅವನ ಜೋಳದ ರೊಟ್ಟಿ, ಉರ್ದು ಬೆರೆತ ಕನ್ನಡ ನನಗೆ ಯಾವ ಪಠ್ಯವೂ ಕಲಿಸದ ಕರ್ನಾಟಕವನ್ನು ತೋರಿಸಿದವು. ಆದರೆ ಮಗಳನ್ನು ಸಂಜೆಯ ಬಸ್ಸಿಗೆ ಮನೆಗೆ ಕರೆಸಿಕೊಳ್ಳಬಹುದೆಂಬ ಧೈರ್ಯದಿಂದಲೇ ಎಂ.ಎ.ಗೆ ಕಳಿಸುವ ತಂದೆಗೆ ನನ್ನ ಈ ನೆನಪು ಉತ್ತರವಾಗಲಾರದು. ಹತ್ತಿರದ ವಿಶ್ವವಿದ್ಯಾಲಯ ಅವಳಿಗೆ ಇರಲೇಬೇಕು. ಅದರ ಜತೆಗೆ ಒಂದು ಸೆಮಿಸ್ಟರನ್ನಾದರೂ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಸರ್ಕಾರಿ ಖರ್ಚಿನಲ್ಲಿ ಓದುವ ಅವಕಾಶ, ಎಲ್ಲ ಇಲಾಖೆಗಳ ಮಕ್ಕಳೂ ಒಟ್ಟಿಗೆ ಉಣ್ಣುವ ಸಂಯುಕ್ತ ವಿದ್ಯಾರ್ಥಿನಿಲಯ, ಪ್ರವೇಶದ ತಿಂಗಳಲ್ಲೇ ಕೈಸೇರುವ ವಿದ್ಯಾರ್ಥಿವೇತನ ಇವಿಷ್ಟೂ ಆಗಬೇಕು. ಇದಾವುದೂ ಸರ್ಕಾರದ ಶಕ್ತಿ ಮೀರಿದ್ದಲ್ಲ.

ಮೇಷ್ಟರುಗಳ ಪಾಲಿನ ಕೆಲಸ ಇನ್ನೂ ಸಣ್ಣದು. ಹೊಸ ಸಹೋದ್ಯೋಗಿಗಳಿಗೆ ನಾನು ಹೇಳುವುದಿಷ್ಟೇ: ಹೆಸರು ಕೂಗಿದಾಗ ಉತ್ತರ ಬಾರದಿದ್ದರೆ ‘ಗೈರು’ ಎಂದು ಬರೆಯುವ ಮುನ್ನ ಯಾಕೆಂದು ಕೇಳಿ. ಆ ಮೂರು ವಾರಗಳಲ್ಲಿ ಒಂದು ದಿನ ನಾನು ಕೇಳಿದ್ದರೆ ಎರಡು ಸಾವಿರ ರೂಪಾಯಿಯ ಮೆಸ್ ಬಿಲ್ಲಿಗೆ ದಾರಿ ಸಿಗುತ್ತಿತ್ತು. ಆ ಹಾಜರಿ ಪುಸ್ತಕವನ್ನು ನಾನು ಕಚೇರಿಗೆ ಹಿಂದಿರುಗಿಸಲಿಲ್ಲ. ಅದು ಈಗಲೂ ನನ್ನ ಮನೆಯಲ್ಲಿದೆ.