ವೆಂಕಟಪ್ಪನವರ ಚಿತ್ರಶಾಲೆ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಕಬ್ಬನ್ ಪಾರ್ಕಿನ ಹಸುರು ಅಂಚಿಗೆ, ಕೆಂಬಣ್ಣದ ಹಳೆಯ ಮ್ಯೂಸಿಯಂ ಕಟ್ಟಡದ ಮಗ್ಗುಲಲ್ಲಿ ನಿಂತಿರುವ ವೆಂಕಟಪ್ಪ ಚಿತ್ರಶಾಲೆಯನ್ನು, ಅದರ ಸಾದಾ ಗೋಡೆಗಳನ್ನು ಕಂಡು ಯಾವುದೋ ಸರ್ಕಾರಿ ಕಚೇರಿಯೆಂದೇ ಭಾವಿಸಿ ದಾಟಿಹೋಗುವವರು ಬಹು ಮಂದಿ. ಮ್ಯೂಸಿಯಮ್ಮಿಗಾದರೋ ಜನ ಹೋಗುತ್ತಾರೆ. 1865ರಷ್ಟು ಹಿಂದೆ ಸ್ಥಾಪಿತವಾದ ಆ ಸಂಸ್ಥೆಯಲ್ಲಿ, ಕಾಳಿಯೆಂಬ ಬೇಟೆನಾಯಿಯೊಂದು ಹಂದಿಯೊಡನೆ ಕಾದಿ ಸತ್ತುದನ್ನು ಸ್ಮರಿಸುವ ಆತಕೂರಿನ ಹತ್ತನೆಯ ಶತಮಾನದ ಶಿಲೆಯಿದೆ. ಅದೊಂದನ್ನು ನೋಡುವುದಕ್ಕಾಗಿಯೇ ಹೋಗಬಹುದು. ಆದರೆ ಈ ಲೇಖನದ ವಿಷಯ ಪಕ್ಕದ ಮನೆ. ಅದರಲ್ಲಿಯೂ ಆ ಮನೆಗೆ ತಮ್ಮ ಹೆಸರನ್ನು ಕೊಟ್ಟ ಪುರುಷರು.

ಕೆ. ವೆಂಕಟಪ್ಪನವರು 1886ರಲ್ಲಿ ಜನಿಸಿದುದು ಮೈಸೂರು ಸಂಸ್ಥಾನದಲ್ಲಿ ವಂಶಪಾರಂಪರ್ಯವಾಗಿ ಚಿತ್ರ ಬರೆಯುತ್ತಿದ್ದ ಚಿತ್ರಗಾರರ ಮನೆತನದಲ್ಲಿ. ಕುಲವಿದ್ಯೆಯಿಂದಲೇ ಜೀವನ ಸಾಗುತ್ತಿತ್ತು. ಆದರೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಒದಗಿದುದರಿಂದ ಆ ತರುಣನು 1909ರಲ್ಲಿ ಕಲ್ಕತ್ತೆಗೆ ತೆರಳಿ, ಅಲ್ಲಿನ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯನಾಗಿ, ನಂದಲಾಲ ಬೋಸರಂಥವರ ಸಹಪಾಠಿಯಾಗಿ ಏಳು ವರ್ಷ ವ್ಯಾಸಂಗ ಮಾಡಿದನು. ಸೋದರಿ ನಿವೇದಿತೆ ಆರಂಭಿಸಿ, ಆಕೆಯ ಮರಣಾನಂತರ ಆನಂದ ಕುಮಾರಸ್ವಾಮಿಯವರು ಪೂರೈಸಿ, 1913ರಲ್ಲಿ ಹೊರತಂದ ಹಿಂದೂ ಬೌದ್ಧ ಪುರಾಣಕಥೆಗಳ ಗ್ರಂಥದಲ್ಲಿ ಈ ಕನ್ನಡಿಗನ ರಾಮಾಯಣ ಚಿತ್ರಗಳು ಅಚ್ಚಾಗಿರುವುವು. ಅಷ್ಟು ಹೊತ್ತಿಗೆ ಅವರ ವಯಸ್ಸು ಇಪ್ಪತ್ತೇಳು.

ಕಾಗದವನ್ನು ನೀರಿನಲ್ಲಿ ನೆನೆಸಿ, ತೆಳುವಾಗಿ ಬಣ್ಣ ಹರಿಸಿ, ಅದನ್ನು ತೊಳೆದು, ಮತ್ತೆ ಹರಿಸಿ, ಆಕೃತಿಗಳು ಮಂಜಿನೊಳಗಿಂದ ಮೂಡಿದಂತೆ ಮಾಡುವುದು ಬಂಗಾಳದ ಗುರುಗಳು ಜಪಾನೀ ಕಲಾವಿದರಿಂದ ತಂದ ಪದ್ಧತಿ. ವೆಂಕಟಪ್ಪನವರು ಆ ಪದ್ಧತಿಯನ್ನು ಕಲಿತರೂ ಅದರಲ್ಲಿ ಕರಗಿಹೋಗಲಿಲ್ಲ. ದಂತದ ಪುಟ್ಟ ಹಲಗೆಯ ಮೇಲೆ ಮುಖವೊಂದನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಬಿಡಿಸುವ ಚಿತ್ರಗಾರ ಮನೆತನದ ಕೈ ಅವರಲ್ಲಿ ಕಡೆಯವರೆಗೂ ಉಳಿಯಿತು. ಉದಕಮಂಡಲ ಮತ್ತು ಕೊಡೈಕಾನಲ್ಲಿನ ಗಿರಿದೃಶ್ಯಗಳನ್ನು ಜಲವರ್ಣದಲ್ಲಿ ಬರೆದಾಗ ಈ ಎರಡು ವಿದ್ಯೆಗಳೂ ಒಂದಾದುವು: ಮಳೆಮೋಡ ಒಡೆದು ಬೆಳಕು ಇಳಿಯುವ ಕ್ಷಣ, ಸರೋವರದ ನಿಶ್ಚಲತೆ, ಇಳಿಜಾರಿನ ಒಂದೊಂದು ಮರ, ಯಾವುದನ್ನೂ ಅವರು ಅಂದಾಜಿನಿಂದ ಬರೆದಿಲ್ಲ. ನನ್ನ ಮಟ್ಟಿಗೆ ಅವರ ಪೌರಾಣಿಕ ಚಿತ್ರಗಳಿಗಿಂತ ಈ ಗಿರಿದೃಶ್ಯಗಳೇ ಮೇಲು, ಪಂಡಿತರು ಒಪ್ಪದಿರಬಹುದು.

ಅವರ ಬಾಳಿನ ವಿಲಕ್ಷಣ ಪ್ರಸಂಗ ವೀಣೆಯದು. ಕಲ್ಕತ್ತೆಯಿಂದ ಕೀರ್ತಿಯೊಡನೆ ಮರಳಿದ ಈ ಚಿತ್ರಕಾರರು, ಆ ಕೀರ್ತಿಯನ್ನು ಬೆಳೆಸಿಕೊಳ್ಳಬೇಕಾದ ವಯಸ್ಸಿನಲ್ಲಿ ಮೈಸೂರಿನ ವೀಣೆ ಶೇಷಣ್ಣನವರ ಶಿಷ್ಯತ್ವ ವಹಿಸಿ, ಕುಂಚವನ್ನು ಬದಿಗಿರಿಸಿದರೆಂದೇ ಜನ ಹೇಳುವಷ್ಟು ತನ್ಮಯತೆಯಿಂದ ನಾದಸಾಧನೆಯಲ್ಲಿ ತೊಡಗಿದರು. ಎರಡು ವಿದ್ಯೆಗಳ ನಡುವಣ ಆ ತೊಳಲಾಟವನ್ನೇ ವಸ್ತುವಾಗಿಸಿ, ವೀಣೆಯ ಹುಚ್ಚು ಹಿಡಿದವನೆಂದು ತಮ್ಮನ್ನೇ ಚಿತ್ರಿಸಿಕೊಂಡರು. ತಮ್ಮ ಮೇಲೆ ತಾವೇ ತೀರ್ಪು ಬರೆದುಕೊಳ್ಳುವ ಆ ನಿಷ್ಠುರತೆ ಅವರಿಗೆ ಸಹಜವಾದುದು. ಅವರು ಮದುವೆಯಾಗಲಿಲ್ಲ, ದಿನಚರಿ ಬರೆಯುವುದನ್ನು ವ್ರತದಂತೆ ನಡೆಸಿದರು, ಅರಮನೆಗಾಗಿ ಗಚ್ಚಿನ ಉಬ್ಬುಶಿಲ್ಪಗಳನ್ನು ಮಾಡಿದರು, ಮುಂದೆ ಅದೇ ಅರಮನೆಯೊಡನೆ ವ್ಯಾಜ್ಯಕ್ಕೂ ಇಳಿದರು. ಆಶ್ರಯದಾತನ ಮುಂದೆ ಕಲಾವಿದನು ತಲೆಬಾಗಿಸಿಯೇ ನಿಲ್ಲಬೇಕೆಂಬ ನಿಯಮವನ್ನು ಅವರು ಒಪ್ಪಿದವರಲ್ಲ. ಕೇಂದ್ರ ಲಲಿತಕಲಾ ಅಕಾಡೆಮಿಯ ಫೆಲೋ ಗೌರವ ಸಂದುದು ಇಳಿವಯಸ್ಸಿನಲ್ಲಿ. 1965ರಲ್ಲಿ ಅವರು ತೀರಿಕೊಂಡರು.

ಅವರ ಕೃತಿಗಳನ್ನು ಒಂದೆಡೆ ರಕ್ಷಿಸಿಡಬೇಕೆಂದು ಸರ್ಕಾರವು ಕಟ್ಟಿಸಿದ ಈ ಚಿತ್ರಶಾಲೆಯ ಬಾಗಿಲು ತೆರೆದುದು 1970ರ ದಶಕದಲ್ಲಿ. ಉಡುಪಿಯ ಕಡೆಯಿಂದ ಹೋಗಿ ಮುಂಬಯಿಯಲ್ಲಿ ಹೆಸರಾದ ಕೆ. ಕೆ. ಹೆಬ್ಬಾರರೂ ತಮ್ಮ ಚಿತ್ರಗಳನ್ನು ಇದಕ್ಕೆ ದಾನವಾಗಿ ಕೊಟ್ಟರು. ಇವೆರಡು ಸಂಗ್ರಹಗಳಲ್ಲದೆ, ಅಲ್ಪ ಬಾಡಿಗೆಗೆ ದೊರೆಯುವ ಪ್ರದರ್ಶನಾಂಗಣಗಳೂ ಇಲ್ಲಿದ್ದುದರಿಂದ, ವಾಣಿಜ್ಯ ಗ್ಯಾಲರಿಯ ಮೆಟ್ಟಲೇರಲು ಶಕ್ತಿಯಿಲ್ಲದ ಎಷ್ಟೋ ಕಲಾವಿದರು ತಮ್ಮ ಮೊದಲ ಪ್ರದರ್ಶನವನ್ನು ಏರ್ಪಡಿಸಿದುದು ಈ ಗೋಡೆಗಳ ಮೇಲೆಯೇ. ಶಿಬಿರಗಳು, ಉಪನ್ಯಾಸಗಳು, ಶಾಲಾಮಕ್ಕಳ ಚಿತ್ರಸ್ಪರ್ಧೆಗಳೂ ನಡೆದುವು. ಯಾರೊಡನೆಯೂ ಸುಲಭವಾಗಿ ರಾಜಿಯಾಗದ ಏಕಾಂತಜೀವಿಯ ಹೆಸರಿನ ಮನೆಯು ಊರಿನ ಅತ್ಯಂತ ಉದಾರವಾದ ಕಲಾಂಗಣವಾದುದು ಸೋಜಿಗವೇ ಸರಿ.

ಸುತ್ತಲಿನ ಉದ್ಯಾನದ ಪಾತ್ರವೂ ಇದರಲ್ಲಿ ಚಿಕ್ಕದಲ್ಲ. 1870ರಲ್ಲಿ ಸ್ಯಾಂಕಿ ಎಂಬ ಎಂಜಿನಿಯರನು ರೂಪಿಸಿ, 1927ರಲ್ಲಿ ಚಾಮರಾಜೇಂದ್ರ ಉದ್ಯಾನವೆಂದು ಮರುನಾಮಕರಣಗೊಂಡರೂ ಜನರ ಬಾಯಲ್ಲಿ ಕಬ್ಬನ್ ಪಾರ್ಕಾಗಿಯೇ ಉಳಿದ ಆ ವನದಲ್ಲಿ ಬಿದಿರುಮೆಳೆಗಳ ನೆರಳಿಗೆ ಬಂದವನು, ಚಿತ್ರ ನೋಡುವ ಸಂಕಲ್ಪವಿಲ್ಲದೆಯೇ ಒಳಹೊಕ್ಕು ಚಿತ್ರ ನೋಡಿಬಿಡುತ್ತಾನೆ. ಕಲೆಗೆ ಇಂಥ ಆಕಸ್ಮಿಕ ಪ್ರೇಕ್ಷಕನು ಬೇರೆಲ್ಲಿ ದೊರೆತಾನು?

ಇಂಥ ಮನೆಗೆ ಸೊರಗು ಹಿಡಿದುದು ಮಾತ್ರ ಬಹುಕಾಲದ ವ್ಯಥೆ. 2015ರಲ್ಲಿ ಸರ್ಕಾರವು ಇದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡಲು ಒಪ್ಪಂದ ಮಾಡಿಕೊಂಡಾಗ, ನಗರದ ಕಲಾವಿದರು ಒಟ್ಟಾಗಿ ಪ್ರತಿಭಟಿಸಿದರು. ಆ ಯೋಜನೆ ಕೈಗೂಡಲಿಲ್ಲ. ದಾನಿಗಳ ನೆರವು ಬೇಡವೆಂದು ನಾನು ಹೇಳಲಾರೆ. ಆದರೆ ಅಲ್ಪ ಬಾಡಿಗೆಯ ಅಂಗಣವೂ, ವೆಂಕಟಪ್ಪನವರ ಜಲವರ್ಣಗಳನ್ನು ಯಾವ ಪರವಾನಗಿಯೂ ಇಲ್ಲದೆ ಹತ್ತಿರ ನಿಂತು ನೋಡುವ ಹಕ್ಕೂ ಆ ನೆರವಿನ ಬೆಲೆಯಾಗಬಾರದು. ಉದ್ಯಾನಕ್ಕೆ ಹೋಗುವ ಓದುಗರು ಇನ್ನು ಮೇಲೆ ಈ ಚಿತ್ರಶಾಲೆಯ ಬಾಗಿಲಿಗೂ ಹೋಗಬೇಕು. ಅದು ತೆರೆದಿದ್ದರೆ ಒಳಗೆ ಹೋಗಿ ಉದಕಮಂಡಲದ ಚಿತ್ರಗಳ ಮುಂದೆ ನಿಲ್ಲಬೇಕು. ಮುಚ್ಚಿದ್ದರೆ, ಎಂದು ತೆರೆಯುವಿರೆಂದು ಸಂಬಂಧಪಟ್ಟವರನ್ನು ಕೇಳಬೇಕು.