ಶತಾವರಿ ತಿನ್ನಿಸಿದರೆ ಹಾಲು ಹೆಚ್ಚುವುದೇ?



ಕರು ಹಾಕಿದ ಹಸು ನಿರೀಕ್ಷಿಸಿದಷ್ಟು ಹಾಲು ಕೊಡದಿದ್ದರೆ “ಶತಾವರಿ ಪುಡಿ ತಿನ್ನಿಸಿ” ಎಂಬ ಸಲಹೆ ಕೇಳಿಬರುವುದುಂಟು. ಹಣ ತೆರುವ ಮುನ್ನ ಈ ಬೇರಿನ ಗುಣ ಮತ್ತು ಮಿತಿ ಎರಡನ್ನೂ ತಿಳಿಯುವುದು ಅವಶ್ಯಕ.

ಶತಾವರಿಗೆ ನಮ್ಮಲ್ಲಿ ಆಷಾಢಿ ಬೇರು, ಹಲವು ಮಕ್ಕಳ ತಾಯಿ ಬೇರು ಎಂಬ ಹೆಸರುಗಳೂ ಇವೆ. ಇದು ಮುಳ್ಳಿರುವ ಬಳ್ಳಿ. ಬುಡದಲ್ಲಿ ಗೊಂಚಲಾಗಿ ಇಳಿಯುವ ಬೇರುಗಡ್ಡೆಗಳೇ ಔಷಧಿ. ಬಾಣಂತಿಯರ ಎದೆಹಾಲು ಹೆಚ್ಚಲು, ದೇಹಕ್ಕೆ ತಂಪು ಹಾಗೂ ಪುಷ್ಟಿ ನೀಡಲು ಆಯುರ್ವೇದದಲ್ಲಿ ಇದನ್ನು ಬಳಸುತ್ತಾರೆ. ಬೇರಿನಲ್ಲಿ ಶತಾವರಿನ್ ಎಂಬ ಸಪೋನಿನ್ ಅಂಶಗಳಿವೆ.

ಸಂಶೋಧನೆಯ ಫಲಿತಾಂಶ ಒಂದೇ ರೀತಿ ಇಲ್ಲ. ಬಾಣಂತಿಯರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಿಶೇಷ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಹಾಲು ಉತ್ಪಾದನೆಗೆ ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚಿತ್ತು. ಕರ್ನಾಲಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ ಮಿಶ್ರತಳಿ ಹಸುಗಳಿಗೆ ತಿನ್ನಿಸಿ ನೋಡಿದಾಗ ಹಾಲು ಹೆಚ್ಚಿದ್ದು ಕಂಡುಬಂದಿದೆ. ಆದರೆ ಇಂತಹ ಪ್ರಯೋಗಗಳಲ್ಲಿ ರಾಸುಗಳ ಸಂಖ್ಯೆ ಕಡಿಮೆ.

ಇನ್ನೊಂದು ಮಾತು ಗಮನಿಸಿ. ಕರು ಹಾಕಿದ ನಂತರ ಸುಮಾರು 6ರಿಂದ 8 ವಾರಗಳವರೆಗೆ ಹಾಲು ತಾನಾಗಿಯೇ ಏರುತ್ತದೆ. ಆ ದಿನಗಳಲ್ಲಿ ಪುಡಿ ತಿನ್ನಿಸಿದರೆ ಏರಿದ ಹಾಲಿನ ಕೀರ್ತಿಯೆಲ್ಲ ಪುಡಿಗೆ ಸಲ್ಲುತ್ತದೆ! ಆದ್ದರಿಂದಲೇ ಪ್ರಯೋಗದಲ್ಲಿ ಪುಡಿ ತಿನ್ನಿಸದ ಹಸುಗಳನ್ನೂ ಜೊತೆಗಿಟ್ಟು ಹೋಲಿಸುತ್ತಾರೆ.

ಹಾಲು ಇದ್ದಕ್ಕಿದ್ದಂತೆ ಇಳಿದರೆ ಮೊದಲು ಕಾರಣ ಹುಡುಕಿ:

1. ನಾಲ್ಕೂ ಮೊಲೆಗಳ ಮೊದಲ ಹಾಲನ್ನು ಕಪ್ಪು ತಟ್ಟೆಗೆ ಹಿಂಡಿ ನೋಡಿ. ಗರಣೆ, ನೀರಾದ ಹಾಲು ಅಥವಾ ರಕ್ತ ಕಂಡರೆ ಅದು ಕೆಚ್ಚಲು ಬಾವಿನ ಸೂಚನೆ. ಪುಡಿಯನ್ನು ನಂಬಿ ದಿನ ಕಳೆದರೆ ಆ ಮೊಲೆಯೇ ಬತ್ತಿಹೋಗಬಹುದು. ತಕ್ಷಣ ಪಶುವೈದ್ಯರನ್ನು ಕರೆಸಿ.
2. ಹಸಿರು ಮೇವಿನ ಜೊತೆಗೆ ಹಾಲಿನ ಇಳುವರಿಗೆ ತಕ್ಕಷ್ಟು ಪಶು ಆಹಾರ, ಖನಿಜ ಮಿಶ್ರಣ ಕೊಡಿ.
3. ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ದಿನವಿಡೀ ಶುದ್ಧ ನೀರು ಸಿಗುವಂತಿರಲಿ.

ಇವೆಲ್ಲ ಸರಿಯಿದ್ದೂ ಶತಾವರಿ ಕೊಡಬೇಕೆನಿಸಿದರೆ ಪಶುವೈದ್ಯರಿಂದ ಪ್ರಮಾಣ ತಿಳಿದು ಕೊಡಿ. ತಿನ್ನಿಸುವ ಮೊದಲಿನ ಹಾಗೂ ನಂತರದ ಹಾಲನ್ನು ಬರೆದಿಡಿ. ಹೆಚ್ಚಿದ ಹಾಲಿನ ಹಣ ಪುಡಿಯ ಖರ್ಚನ್ನು ಮೀರದಿದ್ದರೆ ನಿಲ್ಲಿಸಿ. ಬೇರು ಒಳ್ಳೆಯದೇ, ಆದರೆ ಮೇವು, ನೀರು, ಆರೈಕೆಯ ಜಾಗವನ್ನು ಅದು ತುಂಬಲಾರದು.